ನೋಟಿಸ್ ಕೊಟ್ಟು ಓಡಿಹೋಗುವುದು

ನಮ್ಮ ಕಾಲದಲ್ಲಿ ಓಡಿಹೋಗಿ ಮದುವೆಯಾಗಲು ಬೇಕಾಗಿದ್ದದ್ದು ಒಂದು ಬಟ್ಟೆಯ ಚೀಲ, ಬೆಳಗಿನ ಮೊದಲ ಬಸ್ಸು ಮತ್ತು ಬಾಯಿ ಬಿಡದ ಒಬ್ಬ ಸ್ನೇಹಿತ. ಮೂಡಿಗೆರೆ ಕಡೆಯವರಾದರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದುಬಿಟ್ಟರೆ ಅರ್ಧ ಮದುವೆ ಆದ ಹಾಗೆಯೇ. ಮನೆಯಲ್ಲಿ ಹುಡುಕಾಟ ಶುರುವಾಗುವ ಹೊತ್ತಿಗೆ ಜೋಡಿ ಉಜಿರೆಯ ಯಾವುದೋ ಹೋಟೆಲಿನಲ್ಲಿ ಕೂತು ಬನ್ಸ್ ತಿನ್ನುತ್ತಿರುತ್ತಿತ್ತು.

ಈಗ ನನ್ನ ತಂಗಿಯ ಮಗಳು ಓಡಿಹೋಗುತ್ತಿದ್ದಾಳೆ. ಅದಕ್ಕೊಂದು ಎಕ್ಸೆಲ್ ಶೀಟ್ ಇದೆ. ಅದರಲ್ಲಿ ನನ್ನ ಹೆಸರಿನ ಮುಂದೆ "ಜಾಗ, ಊಟ, ಹೂವು" ಎಂದು ಬರೆದಿದ್ದಾಳೆ. ಯಾರಿಂದ ತಪ್ಪಿಸಿಕೊಂಡು ಓಡಬೇಕೋ ಆ ಅಪ್ಪ ಅಮ್ಮನಿಗೂ ಒಂದು ಪ್ರತಿ ಹೋಗಿದೆ.

"ಮಾವ, ಛತ್ರದ ಮದುವೆ ಅಂದ್ರೆ ಸಾವಿರಾರು ಜನ. ಅರ್ಧ ಜನರ ಹೆಸರು ನಂಗೇ ಗೊತ್ತಿರಲ್ಲ. ನಮಗೆ ಬೆಟ್ಟ ಬೇಕು, ಮಂಜು ಬೇಕು, ನಾವಿಬ್ಬರು ಇರ್ಬೇಕು. ಅಷ್ಟೇ."

"ಹಾಗಾದ್ರೆ ನಾನು?"

"ನೀವು ಇದ್ದೇ ಇರ್ತೀರಲ್ಲ, ತೋಟ ನಿಮ್ಮದೇ."

ಮೊದಲು ಅವಳ ಕಣ್ಣು ಹಿಮಾಲಯದ ಮೇಲಿತ್ತು. ಉತ್ತರಾಖಂಡದ ತ್ರಿಯುಗಿನಾರಾಯಣದಲ್ಲಿ ಶಿವ ಪಾರ್ವತಿಯರ ಮದುವೆಯಾಯಿತೆಂದು ನಂಬಿಕೆ. ಅಂದಿನ ಹೋಮಕುಂಡದ ಬೆಂಕಿ ಇನ್ನೂ ಆರಿಲ್ಲ ಎನ್ನುತ್ತಾರೆ. ಇಬ್ಬರೇ ನಿಂತು ಮಾಲೆ ಬದಲಾಯಿಸಿಕೊಳ್ಳಲು ಇದಕ್ಕಿಂತ ಏಕಾಂತದ ಜಾಗ ಇನ್ನೊಂದಿಲ್ಲ ಎಂಬುದು ಅವಳ ವಾದ. ನಾನು ಕತೆಯ ಉಳಿದ ಭಾಗ ನೆನಪಿಸಿದೆ: ಆ ಮದುವೆಯಲ್ಲಿ ಅಣ್ಣನ ಸ್ಥಾನದಲ್ಲಿ ವಿಷ್ಣು ನಿಂತಿದ್ದ, ಪೌರೋಹಿತ್ಯಕ್ಕೆ ಬ್ರಹ್ಮ ಬಂದಿದ್ದ. ರುಕ್ಮಿಣಿಯದೂ ಅಷ್ಟೇ. ಪತ್ರ ಬರೆದು, ಅದನ್ನು ತಲುಪಿಸಲು ಒಬ್ಬ ಬ್ರಾಹ್ಮಣನನ್ನು ಹುಡುಕಿ, ಮದುವೆಯ ಹಿಂದಿನ ದಿನ ಊರಾಚೆಯ ಗಿರಿಜೆಯ ಗುಡಿಗೆ ಬರುತ್ತೇನೆ, ಅಲ್ಲಿಂದ ಕರೆದೊಯ್ಯಿ ಎಂದು ಜಾಗವನ್ನೂ ಹೊತ್ತನ್ನೂ ಸೂಚಿಸಿದವಳು ಅವಳೇ. ಎಕ್ಸೆಲ್ ಶೀಟೊಂದು ಕಡಿಮೆ. ಇಷ್ಟೆಲ್ಲ ಗುಟ್ಟಾಗಿ ನಡೆದರೂ ಬಲರಾಮ ಸೈನ್ಯ ಕಟ್ಟಿಕೊಂಡು ಹಿಂದೆಯೇ ಬಂದ. ದೇವರು ಓಡಿಹೋದರೂ ನೆಂಟರು ಬಿಡುವುದಿಲ್ಲ.

ಕೊನೆಗೆ ಹಿಮಾಲಯ ದೂರವಾಯಿತು, ನನ್ನ ತೋಟ ಹತ್ತಿರವಾಯಿತು. ಅಲ್ಲಿಂದ ಕಾಯಿದೆ ಶುರುವಾಯಿತು. ಹುಡುಗ ನಾಗಪುರದ ಕಡೆಯವನು, ಜಾತಿ ಭಾಷೆ ಎರಡೂ ಬೇರೆ. ಹಾಗಾಗಿ 1954ರ ವಿಶೇಷ ವಿವಾಹ ಕಾಯಿದೆಯೇ ಸರಿ ಎಂದು ಇಬ್ಬರೂ ತೀರ್ಮಾನಿಸಿದರು. ಆ ಕಾಯಿದೆಯಂತೆ ನೋಟಿಸ್ ಕೊಡುವ ಮೊದಲು ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು. ಕೊಟ್ಟ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ಆಮೇಲೆ ಇನ್ನೂ 30 ದಿನ ಕಾಯಬೇಕು, ಯಾರದಾದರೂ ತಕರಾರಿದೆಯೇ ಎಂದು. ಓಡಿಹೋಗುವವರು ಊರಿಗೆಲ್ಲ ತಿಳಿಸಿ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿರಬೇಕು ಎಂದು ಸರ್ಕಾರದ ಅಪ್ಪಣೆ.

ಹೀಗಾಗಿ ಅವಳು ಜನವರಿಯಲ್ಲೇ ಲ್ಯಾಪ್‌ಟಾಪ್ ಸಮೇತ ನಮ್ಮ ಮನೆಗೆ ಬಂದಳು. ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಅಲ್ಲಿ ಕುರ್ಚಿ ಹಾಕಿಕೊಂಡು, ತಲೆಗೆ ಅವಳತ್ತೆಯ ಮಫ್ಲರ್ ಸುತ್ತಿಕೊಂಡು ಬೆಂಗಳೂರಿನ ಆಫೀಸಿನ ಮೀಟಿಂಗ್ ನಡೆಸಿದಳು. ಕಾಫಿ ಕುಯ್ಯುವ ಹೆಂಗಸರು ಹೋಗುತ್ತ ಬರುತ್ತ "ಮದುವೆ ಯಾವಾಗಮ್ಮ?" ಎಂದು ಕೇಳುತ್ತಿದ್ದರು. ನೋಟಿಸ್ ಅಂಟಿಸಿದ ಮಾರನೆಯ ದಿನ, ಇ.ಸಿ. ತೆಗೆಸಲು ಹೋಗಿದ್ದ ಪಕ್ಕದ ತೋಟದವರು ಅದನ್ನು ಓದಿಕೊಂಡು ಬಂದು ನಮ್ಮ ಮನೆಯ ಜಗಲಿಯಲ್ಲಿ ಕೂತು ಊಟ ಏನು ಮಾಡಿಸುತ್ತೀರಿ ಎಂದು ವಿಚಾರಿಸಿದರು. ಕಡುಬು, ಕೋಳಿಸಾರು ಎಂದೆ. ಸಮಾಧಾನವಾಯಿತು.

ನನ್ನ ತಂಗಿಗೆ ಮಾತ್ರ ಸಮಾಧಾನವಿಲ್ಲ. "ಅಣ್ಣಯ್ಯ, ಪುರೋಹಿತರಿಲ್ಲ, ವಾಲಗ ಇಲ್ಲ, ಬೀಗರೂಟ ಇಲ್ಲ. ಇದೂ ಒಂದು ಮದುವೆಯಾ?" ಎನ್ನುತ್ತಾಳೆ. ಇದಕ್ಕೆ ತಕರಾರು ಹಾಕಬಹುದೇ ಎಂದೂ ಕೇಳಿದಳು. ಕಾಯಿದೆ ಓದಿ ಹೇಳಿದೆ: ವಯಸ್ಸು ಸಾಲದಿದ್ದರೆ, ಬುದ್ಧಿ ಸ್ಥಿಮಿತದಲ್ಲಿಲ್ಲದಿದ್ದರೆ, ಮೊದಲ ಗಂಡನೋ ಹೆಂಡತಿಯೋ ಬದುಕಿದ್ದರೆ, ಆಗಬಾರದ ಸಂಬಂಧವಾಗಿದ್ದರೆ ತಕರಾರು ಹಾಕಬಹುದು. ಹೋಳಿಗೆ ಮಾಡಿಸಿಲ್ಲ ಎಂಬುದು ಆ ಪಟ್ಟಿಯಲ್ಲಿಲ್ಲ.

ಹಾಗೆ ನೋಡಿದರೆ ಮೂಡಿಗೆರೆಯವರಿಗೆ ಇದು ಹೊಸತೂ ಅಲ್ಲ. 1966ರಲ್ಲಿ ತೇಜಸ್ವಿ ರಾಜೇಶ್ವರಿಯವರನ್ನು ಮದುವೆಯಾದದ್ದು ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಪ್ರಕಾರ. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಈಚೆಗೆ ನಾನು ಹೋದ ಒಂದು ಮಂತ್ರಮಾಂಗಲ್ಯದಲ್ಲಿ ಎಲ್‌ಇಡಿ ಪರದೆ ಇತ್ತು, ಪಾಯಸ ಮೂರು ಬಗೆಯದಿತ್ತು, ವಧೂವರರ ಪ್ರಮಾಣವಚನ ಯಾರಿಗೂ ಕೇಳಿಸದಷ್ಟು ಜನರಿದ್ದರು. ಸರಳ ಮದುವೆಯನ್ನು ಅದ್ದೂರಿಯಾಗಿ ಮಾಡುವ ವಿದ್ಯೆ ನಮಗೆ ಬಹಳ ಬೇಗ ಕೈಹತ್ತಿಬಿಟ್ಟಿತು.

ಇನ್ನು ಹೂವು. ಕಾಫಿ ಹೂ ಅರಳಿದ ದಿನವೇ ಮದುವೆಯಾಗಬೇಕೆಂದು ಅವಳ ಹಟ. ತೋಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಯ ಹತ್ತಿರದ ಆ ಪರಿಮಳ ಮನೆಯ ಒಳಕೋಣೆಯವರೆಗೂ ನುಗ್ಗುವ ಎರಡು ಮೂರು ದಿನವನ್ನು ಕಂಡವರು ಅದನ್ನು ಹಟವೆಂದು ಕರೆಯಲಾರರು. ಆದರೆ ಆ ಮುಹೂರ್ತ ಇಡುವುದು ಪಂಚಾಂಗವಲ್ಲ, ಹೂಮಳೆ. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಇಂಚಿನಷ್ಟು ಮಳೆ ಸರಿಯಾಗಿ ಬಿದ್ದರೆ ಎಂಟೊಂಬತ್ತು ದಿನಕ್ಕೆ ಹೂ. ಆ ದಿನಗಳಲ್ಲಿ ಬೆಳೆಗಾರರು ಫೋನೆತ್ತಿದರೆ ಯೋಗಕ್ಷೇಮ ಕೇಳುವುದಿಲ್ಲ, "ನಿಮ್ಮಲ್ಲಿ ಎಷ್ಟು ಸೆಂಟು?" ಎನ್ನುತ್ತಾರೆ. ರೋಬಸ್ಟಾ ಆದರೆ ಸ್ಪ್ರಿಂಕ್ಲರ್ ಹಾಕಿ ಹೂ ಬರಿಸಬಹುದು. ಈ ವರ್ಷ ಕೆರೆಯ ಪಕ್ಕದ ತುಂಡಿಗೆ ಮಾತ್ರ ನೀರು ಕೊಡದೆ ಉಳಿಸಿಕೊಂಡಿದ್ದೇನೆ. ಮೊಗ್ಗು ಒಣಗಿದರೆ ನಷ್ಟ ನನ್ನದು, ಇದು ಶೀಟಿನಲ್ಲಿಲ್ಲ.

ಕಾಯಿದೆ ಇಲ್ಲಿ ನಮ್ಮ ಕಡೆಗಿದೆ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆಯಾದರೆ ಸಾಕು. ಹೆಚ್ಚುವರಿ ಶುಲ್ಕ ಕಟ್ಟಿದರೆ ಹತ್ತಿರದ ಬೇರೆ ಜಾಗದಲ್ಲೂ ಮಾಡಿಸಬಹುದು. ಕಾಫಿ ಗಿಡದ ಬುಡದಲ್ಲಿ ರಿಜಿಸ್ಟರ್ ಬಿಚ್ಚಲು ಅಡ್ಡಿಯಿಲ್ಲ. ಅಡ್ಡಿ ಇರುವುದು ಫೋಟೋದವನಿಂದ. ಅವನಿಗೆ ಬಣ್ಣದ ಹೊಗೆ ಬೇಕಂತೆ, ಡ್ರೋನ್ ಹಾರಿಸಬೇಕಂತೆ. ಹೂ ಬಿಟ್ಟ ತೋಟದಲ್ಲಿ ಹೆಜ್ಜೇನು ಕಿಕ್ಕಿರಿದಿರುತ್ತದೆ. ಹೊಗೆ ಹಾಕಿದರೆ ಆಮೇಲೆ ನಿಜವಾಗಿಯೂ ಎಲ್ಲರೂ ಓಡಿಹೋಗಬೇಕಾಗುತ್ತದೆ ಎಂದು ಹೇಳಿದ್ದೇನೆ.

ಉಳಿದದ್ದು ಸಾಕ್ಷಿಗಳು. ಮೂರೇ ಜನ ಸಾಕು. ಈ ಮೂರು ಜಾಗಕ್ಕೆ ನಡೆಯುತ್ತಿರುವ ಪೈಪೋಟಿ ಪಂಚಾಯಿತಿ ಚುನಾವಣೆಯಲ್ಲೂ ನಡೆದಿಲ್ಲ. ಒಂದು ಹುಡುಗನ ಸ್ನೇಹಿತನಿಗೆ, ಒಂದು ಜಾಗದ ಮಾಲೀಕನೆಂಬ ಕಾರಣಕ್ಕೆ ನನಗೆ. ಮೂರನೆಯದಕ್ಕೆ ಚಿಕ್ಕಮ್ಮಂದಿರೆಲ್ಲ ಫೋನ್ ಮಾಡಿದರು. ಅವಳು ಯಾರನ್ನೂ ಒಪ್ಪದೆ ನನ್ನ ದೊಡ್ಡಮ್ಮನ ಮಗಳನ್ನು ಕೇಳಿದಳು.

ಆ ಅಕ್ಕ ನಾನು ಹೈಸ್ಕೂಲಿನಲ್ಲಿದ್ದಾಗ ಚಾರ್ಮಾಡಿ ಇಳಿದು ಹೋದವಳು. ದೊಡ್ಡಪ್ಪನ ಮನೆಯ ನಡುಮನೆಯಲ್ಲಿ ಎಲ್ಲರೂ ನಿಂತಿರುವ ದೊಡ್ಡ ಫೋಟೋ ಇತ್ತು. ಅವಳು ಹೋದ ವಾರವೇ ಆ ಫೋಟೋದ ಬಲಮೂಲೆ ಮುಚ್ಚುವ ಹಾಗೆ ಒಂದು ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಿದರು. ವರ್ಷ ವರ್ಷ ಕ್ಯಾಲೆಂಡರ್ ಬದಲಾಯಿತು, ಮೊಳೆ ಬದಲಾಗಲಿಲ್ಲ. ಹಬ್ಬಕ್ಕೆ ಹೋದಾಗ ದೊಡ್ಡಮ್ಮ ತಾರೀಕು ನೋಡುವ ನೆವದಲ್ಲಿ ಹಾಳೆ ಎತ್ತಿ ಒಂದು ಕ್ಷಣ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ. ದೊಡ್ಡಪ್ಪ ತೀರಿಕೊಂಡ ಮೇಲೂ ಅಲ್ಲಿಗೆ ಹೊಸ ಕ್ಯಾಲೆಂಡರ್ ಬರುವುದು ನಿಲ್ಲಲಿಲ್ಲ. ಅಕ್ಕನ ಮದುವೆಗೆ ನಮ್ಮ ಕಡೆಯಿಂದ ಒಬ್ಬರೂ ಇರಲಿಲ್ಲ. ಭಾವ ಒಳ್ಳೆಯ ಮನುಷ್ಯ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಅವರಿಗೆ ಮೊಮ್ಮಕ್ಕಳಾಗಿದ್ದರು.

ಫೋನಿನಲ್ಲಿ ವಿಷಯ ಕೇಳಿ ಅಕ್ಕ ತುಂಬ ಹೊತ್ತು ನಕ್ಕಳಂತೆ. "ಅಲ್ವೇ ಮಾರಾಯ್ತಿ, ಓಡಿಹೋಗೋರು ಯಾರಾದ್ರೂ ಸಾಕ್ಷಿ ಕರ್ಕೊಂಡು ಓಡ್ತಾರಾ?" ಎಂದಳಂತೆ. ಆಮೇಲೆ ಸೀರೆ ಯಾವ ಬಣ್ಣದ್ದು ಉಡಬೇಕು ಎಂದು ಕೇಳಿದಳಂತೆ.

ಆದ್ದರಿಂದ ನೆಂಟರಿಷ್ಟರಲ್ಲಿ ಇದನ್ನು ಓದುತ್ತಿರುವವರಿಗೆ ನನ್ನ ವಿನಂತಿ: ಮಳೆ ಬಿದ್ದ ಕೂಡಲೇ ಫೋನ್ ಮಾಡುತ್ತೇನೆ, ಊಟಕ್ಕೆ ಖಂಡಿತ ಬನ್ನಿ. ಸಾಕ್ಷಿಯ ಜಾಗ ಖಾಲಿ ಇಲ್ಲ.