ಕಾವೇರಿಯ ಪಕ್ಕದಲ್ಲಿ ಕೂತು

ಕಾದಂಬರಿ ಓದಿಕೊಂಡು ಸಿನಿಮಾಕ್ಕೆ ಹೋಗುವುದು ಒಂದು ಕಾಲಕ್ಕೆ ನಮ್ಮಲ್ಲಿ ಪದ್ಧತಿಯೇ ಆಗಿತ್ತು. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’, ‘ವಂಶವೃಕ್ಷ’, ‘ನಾಗರಹಾವು’ ಇವೆಲ್ಲ ತೆರೆಗೆ ಬರುವ ಹೊತ್ತಿಗೆ ಮನೆಮನೆಯಲ್ಲಿ ಓಡಾಡಿ ಬಂದ ಕಥೆಗಳು. ಮ್ಯಾಟ್ನಿ ಆಟಕ್ಕೆ ಹೊರಟ ಹೆಂಗಸರಿಗೆ ಕಥೆ ಏನಾಗುತ್ತದೆ ಎಂಬ ಕುತೂಹಲ ಇರುತ್ತಿರಲಿಲ್ಲ. ಅದನ್ನು ಹೇಗೆ ತೋರಿಸಿದ್ದಾರೆ, ‘ಬೆಳ್ಳಿಮೋಡ’ದ ನಮ್ಮ ಇಂದಿರೆಯನ್ನು ಏನು ಮಾಡಿದ್ದಾರೆ ಎಂಬುದಷ್ಟೇ ಚಿಂತೆ.

ಆ ಪುಸ್ತಕಗಳು ಬರುತ್ತಿದ್ದದ್ದು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ. ಮೂಲ ಮುಖಪುಟ ಎಂದೋ ಹೋಗಿ ದಪ್ಪ ರಟ್ಟು ಬಂದಿರುತ್ತಿತ್ತು. ಬೆನ್ನಿಗೆ ಬಟ್ಟೆಯ ಪಟ್ಟಿ, ಒಳಗೆ ತಾರೀಖಿನ ಮುದ್ರೆಗಳ ಸಾಲು. ‘ಬೆಳ್ಳಿಮೋಡ’, ‘ಶರಪಂಜರ’ ಬರೆದ ತ್ರಿವೇಣಿಯವರ ಕಾದಂಬರಿಯಾದರೆ ಆ ಸಾಲು ಒಂದು ಹಾಳೆಗೆ ಮುಗಿಯದೆ ಇನ್ನೊಂದು ಹಾಳೆ ಅಂಟಿಸಿರುತ್ತಿದ್ದರು. ನನ್ನ ಕೈಗೆ ಬಂದ ‘ಶರಪಂಜರ’ದ ಅಂಚಿನಲ್ಲಿ ಪೆನ್ಸಿಲಿನಿಂದ ಯಾರೋ ‘ಅಯ್ಯೋ ಪಾಪ’ ಎಂದು ಬರೆದಿದ್ದರು. ಅದರ ಕೆಳಗೆ ಬೇರೆ ಕೈಬರಹದಲ್ಲಿ, ‘ಪಾಪ ಅನ್ನಬೇಡಿ, ಅವಳಿಗೆ ಏನೂ ಆಗಿಲ್ಲ’. ಒಬ್ಬರನ್ನೊಬ್ಬರು ಕಾಣದ ಇಬ್ಬರು ಓದುಗರು ಅದರ ನಾಯಕಿ ಕಾವೇರಿಗಾಗಿ ವಾದಕ್ಕಿಳಿದಿದ್ದರು. ಆ ಎರಡನೆಯ ಸಾಲನ್ನು ನಾನು ಮರೆತಿಲ್ಲ.

ಕಥೆ ಗೊತ್ತಾದರೆ ಸಿನಿಮಾದ ಸ್ವಾರಸ್ಯ ಹೋಗುವುದಿಲ್ಲವೇ ಎಂದು ಈಗಿನವರು ಕೇಳುತ್ತಾರೆ. ಯಕ್ಷಗಾನಕ್ಕೆ ಕೂತವರಿಗೆ ಕರ್ಣ ಸಾಯುತ್ತಾನೆಂದು ಗೊತ್ತಿಲ್ಲವೇ? ಗೊತ್ತಿದ್ದೇ ಬೆಳಗಿನವರೆಗೆ ಕೂರುತ್ತಾರೆ, ಇವತ್ತಿನ ಕರ್ಣ ಹೇಗೆ ಸಾಯುತ್ತಾನೆ ನೋಡೋಣವೆಂದು. ಮುಂದೇನು ಎಂಬ ಆತುರ ಕಳೆದ ಮೇಲೆಯೇ ಕಣ್ಣಿಗೆ ನಿಜವಾದ ಬಿಡುವು ಸಿಗುವುದು.

‘ಬೆಳ್ಳಿಮೋಡ’ವನ್ನೇ ನೋಡಿ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಕಪ್ಪು ಬಿಳುಪಿನಲ್ಲಿ ತೆಗೆದರು. ಓದುವಾಗ ನಾನು ಕಟ್ಟಿಕೊಂಡಿದ್ದ ಮನೆಯೇ ಬೇರೆ. ಮಂಜು ಒಳಗೇ ನುಗ್ಗಿ ಬರುವಂಥ, ಕಿಟಕಿ ತೆರೆದರೆ ಕಾಫಿ ತೋಟದ ವಾಸನೆ ಬಡಿಯುವಂಥ ದೊಡ್ಡ ಮನೆ. ತೆರೆಯ ಮೇಲಿನ ಮನೆ ಅದಾಗಿರಲಿಲ್ಲ. ಅದೇನೂ ಬೇಸರವಾಗಲಿಲ್ಲ, ಏಕೆಂದರೆ ಕಾದಂಬರಿಯಲ್ಲಿ ಇಲ್ಲದ್ದೊಂದು ಅಲ್ಲಿ ಸಿಕ್ಕಿತು. ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ವಿಜಯಭಾಸ್ಕರ್ ರಾಗಕ್ಕೆ ಕೂರಿಸಿ, ಎಸ್. ಜಾನಕಿಯವರ ಕಂಠದಲ್ಲಿ ಹಾಡಿಸಿದ್ದರು. ಧಾರವಾಡದ ಕವಿಯ ಸೂರ್ಯೋದಯ ಮೈಸೂರಿನ ಲೇಖಕಿಯ ಕಥೆಯೊಳಗೆ ಬಂದು ಕೂತಿತು. ಬಣ್ಣವಿಲ್ಲದ ತೆರೆಯಲ್ಲಿ ಅಷ್ಟು ಬಣ್ಣದ ಬೆಳಗನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಕಾದಂಬರಿ ಓದದೆ ಹೋಗಿದ್ದರೆ ಅದನ್ನು ಒಳ್ಳೆಯ ಹಾಡೆಂದು ಕೇಳಿ ಎದ್ದು ಬರುತ್ತಿದ್ದೆ. ಓದಿದ್ದರಿಂದ, ಈ ಹುಡುಗಿಯ ಬಾಳಿನಲ್ಲಿ ಮುಂದೆ ಕವಿಯುವುದೇನೆಂದು ಗೊತ್ತಿದ್ದರಿಂದ, ಆ ಬೆಳಕು ನೋಡಿ ಗಂಟಲು ಕಟ್ಟಿತು.

‘ನಾಗರಹಾವು’ ಇನ್ನೊಂದು ಬಗೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’, ಪುಟ್ಟಣ್ಣ ಒಂದು ಸಿನಿಮಾಕ್ಕೆ ಇಳಿಸಿದ್ದರು. ಮೂರನ್ನೂ ಓದಿ ಹೋದವರಿಗೆ ಬಿಟ್ಟುಹೋದದ್ದೇ ಕಣ್ಣಿಗೆ ಹೊಡೆಯುತ್ತದೆ. ಲೇಖಕರಿಗೂ ಸಿನಿಮಾ ಪೂರ್ತಿ ಒಪ್ಪಿಗೆಯಾಗಲಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆದರೂ ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರನ್ನು ನೋಡಿದ ಮೇಲೆ ಪುಸ್ತಕದಲ್ಲಿ ಬೇರೆ ಮೇಷ್ಟ್ರನ್ನು ತಂದುಕೊಳ್ಳಲು ನನ್ನಿಂದ ಆಗಿಲ್ಲ. ಒಂದು ಮುಖ ಹಾಗೆ ಬಂದು ನೆಲೆಸಿದರೆ ಅದು ಕಾದಂಬರಿಗೂ ಲಾಭವೇ ಎನ್ನುವವನು ನಾನು.

‘ಶರಪಂಜರ’ದ ವಿಷಯಕ್ಕೆ ಬಂದರೆ ಮಾತ್ರ ನಾನು ಹಟ ಹಿಡಿಯುತ್ತೇನೆ. ಅದನ್ನು ಓದಿಯೇ ನೋಡಬೇಕು.

ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಬಾಣಂತನದಲ್ಲಿ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುವ ಕಾವೇರಿಯ ಕಥೆಯನ್ನು ಅವರು ಬರೆದದ್ದು ಅಂಥ ಕಾಯಿಲೆಯ ಹೆಸರೆತ್ತಲೂ ಜನ ಹೆದರುತ್ತಿದ್ದ ದಿನಗಳಲ್ಲಿ. ಕಾಯಿಲೆ ವಾಸಿಯಾಗಿದೆ, ಕಾಯಿಲೆಯ ಹೆಸರು ವಾಸಿಯಾಗಿಲ್ಲ. ಅವಳು ನಕ್ಕರೂ ಸುತ್ತಲಿನವರಿಗೆ ಅನುಮಾನ, ಸಿಟ್ಟಾದರೂ ಅನುಮಾನ. ಯಾವ ಸೊಸೆಗೂ ಬರಬಹುದಾದ ಸಿಟ್ಟು ಇವಳಿಗೆ ಬಂದರೆ ಅದು ಹುಚ್ಚಿನ ಲಕ್ಷಣ. ಓದುವಾಗ ನಾವು ಅವಳ ಮನಸ್ಸಿನ ಮಗ್ಗುಲಲ್ಲೇ ಇರುತ್ತೇವೆ. ಅವಳ ಲೆಕ್ಕಾಚಾರ ನಮಗೆ ಗೊತ್ತಿರುತ್ತದೆ, ಅವಳ ಸಿಟ್ಟಿಗಿರುವ ಕಾರಣವೂ ಗೊತ್ತಿರುತ್ತದೆ.

ಸಿನಿಮಾದಲ್ಲಿ ನಾವು ಕೂರುವ ಜಾಗವೇ ಬೇರೆ. ಪುಟ್ಟಣ್ಣನವರ 1971ರ ಆ ಚಿತ್ರದಲ್ಲಿ ಕಲ್ಪನಾ ಅವರದು ಅಸಾಧಾರಣ ಅಭಿನಯ, ಅದರಲ್ಲೂ ಆ ಕಣ್ಣುಗಳು. ಅಷ್ಟು ದೊಡ್ಡ ಕಣ್ಣುಗಳು ಅಷ್ಟು ಹತ್ತಿರದಲ್ಲಿ ತೆರೆಯ ತುಂಬ ಕಂಡಾಗ ನಾವು ಮಾಡುವುದೇನು? ಪರೀಕ್ಷಿಸುತ್ತೇವೆ. ಈಗ ಸರಿಯಿದ್ದಾಳೆಯೇ, ನೋಟ ಬದಲಾಯಿತೇ, ಮತ್ತೆ ಶುರುವಾಯಿತೇ ಎಂದು. ನೆರೆಹೊರೆಯವರು ಬಾಗಿಲ ಸಂದಿಯಲ್ಲಿ ನಿಂತು ಮಾಡುವ ಕೆಲಸವನ್ನೇ ನಾವು ಕುರ್ಚಿಯಲ್ಲಿ ಕೂತು ಮಾಡುತ್ತಿರುತ್ತೇವೆ. ಇದು ಪುಟ್ಟಣ್ಣನವರ ತಪ್ಪಲ್ಲ, ಕಲ್ಪನಾ ಅವರದಂತೂ ಅಲ್ಲವೇ ಅಲ್ಲ. ಕ್ಯಾಮೆರಾ ಮುಖವನ್ನು ಹೊರಗಿನಿಂದಲೇ ನೋಡಬೇಕು, ಅದರ ಹುಟ್ಟುಗುಣ ಅದು. ಓದಿ ಹೋದವರು ಮಾತ್ರ ಆ ಮುಖವನ್ನು ಒಳಗಿನಿಂದ ಬಲ್ಲವರಾಗಿ ನೋಡುತ್ತಾರೆ. ಆಗ ಕಲ್ಪನಾ ಅವರ ಒಂದೊಂದು ಸಣ್ಣ ತಡವರಿಕೆಗೂ ಅರ್ಥ ಹೊಳೆಯುತ್ತದೆ. ತುಟಿಗೆ ಬಂದ ಮಾತನ್ನು ಅವರು ನುಂಗಿಕೊಂಡರೆ, ಆ ನುಂಗಿದ ಮಾತು ಯಾವುದಿರಬಹುದೆಂದು ನಮಗೆ ಗೊತ್ತು.

ಇದನ್ನೆಲ್ಲ ತ್ರಿವೇಣಿ ನೋಡಲಿಲ್ಲ. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ವಯಸ್ಸು ಮೂವತ್ತನಾಲ್ಕು. ಬಾಣಂತಿಯ ಮನಸ್ಸಿನ ಪಾಡನ್ನು ಹಾಗೆ ಬರೆದವರನ್ನು ಬಾಣಂತನವೇ ಕರೆದೊಯ್ದಿತು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಕಲ್ಪನಾ ಅವರನ್ನು ಕಾವೇರಿಯಾಗಿ ಕಂಡಿದ್ದರೆ ಅವರು ಏನೆನ್ನುತ್ತಿದ್ದರೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಮೆಚ್ಚುತ್ತಿದ್ದರು ಎಂದೇ ನನ್ನ ನಂಬಿಕೆ.

ಅಣ್ಣನ ಮಗಳು ಮೈಸೂರಿನಲ್ಲಿ ಓದುತ್ತಾಳೆ. ‘ಶರಪಂಜರ ನೋಡಬೇಕು ಚಿಕ್ಕಪ್ಪ, ಮೊಬೈಲಿನಲ್ಲೇ ಸಿಗುತ್ತಂತೆ’ ಎಂದಳು. ‘ಸಿಗುತ್ತೆ, ಎಲ್ಲೂ ಓಡಿಹೋಗಲ್ಲ. ಮೊದಲು ಇದನ್ನ ಓದು ಪುಟ್ಟಿ’ ಎಂದು ಪುಸ್ತಕ ಕೊಟ್ಟೆ. ಮುಖ ಸಣ್ಣದು ಮಾಡಿಕೊಂಡೇ ತೆಗೆದುಕೊಂಡು ಹೋದಳು. ದೀಪಾವಳಿ ರಜೆಗೆ ಬಂದಾಗ ಮನೆಯವರೆಲ್ಲ ಕೂತು ಟಿವಿಯಲ್ಲಿ ಸಿನಿಮಾ ಹಾಕಿದೆವು. ಕಾವೇರಿ ಮನೆಗೆ ಮರಳಿದ ಮೇಲೆ ಅಣ್ಣ ‘ಪಾಪ, ಈಗಲೂ ಪೂರ್ತಿ ಸರಿ ಹೋದಂಗಿಲ್ಲ, ಕಣ್ಣು ನೋಡು’ ಎಂದ. ಈ ಹುಡುಗಿ ಥಟ್ಟನೆ ತಿರುಗಿ, ‘ಅಪ್ಪಾ, ಅವಳು ಸರಿಯಾಗೇ ಇದ್ದಾಳೆ. ನೀವೆಲ್ಲ ಹಂಗೆ ನೋಡೋದು ಬಿಡಿ!’ ಎಂದಳು.

ಊರಿಗೆ ಹೊರಡುವಾಗ ನನ್ನ ಬೀರು ತೆಗೆದು ‘ಬೆಳ್ಳಿಮೋಡ’ವನ್ನು ಅವಳೇ ಚೀಲಕ್ಕೆ ಹಾಕಿಕೊಂಡಳು.