ಲೆಕ್ಕ ಕೂಡದಿದ್ದರೆ ಖಾತೆ ಪುಸ್ತಕ ಸುಡುತ್ತೇವೆಯೇ?

ನಮ್ಮ ಮನೆಯ ಕಂಪ್ಯೂಟರ್ ಹಳೆಯದು. ಆದರೆ ಅಬ್ಬಾ ಅವರ ಬಟ್ಟೆ ಅಂಗಡಿಯ ಉದ್ರಿ ಲೆಕ್ಕವೆಲ್ಲ ಅದರಲ್ಲೇ ಇದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಗಿರಾಕಿಗಳು ರಂಜಾನ್ ತಿಂಗಳಲ್ಲಿ ಬೆಟಗೇರಿಗೆ ಬಂದು ಬಟ್ಟೆ ಒಯ್ಯುತ್ತಾರೆ, ಕೈಯಲ್ಲಿ ಹಣ ಆಡಿದಾಗ ತೀರಿಸುತ್ತಾರೆ. ಮನೆಯಲ್ಲಿ ನಾವು ಮಾತನಾಡುವುದು ಉರ್ದು. ಲೆಕ್ಕ ಮಾತ್ರ ಕನ್ನಡದಲ್ಲಿದೆ, ಏಕೆಂದರೆ ಟೈಪ್ ಮಾಡುವವಳು ನಾನು.

2025ರ ಈದ್ ಮುಗಿದ ವಾರ ವಿಂಡೋಸ್ 10ರ ಅಪ್‌ಡೇಟ್ ಮುಂದೆ ಹೋಗಲೇ ಇಲ್ಲ. ಡೌನ್‌ಲೋಡ್ ಆಗುತ್ತಿತ್ತು, ಇನ್‌ಸ್ಟಾಲ್ ಶುರುವಾಗಿ ನಡುವೆ ನಿಲ್ಲುತ್ತಿತ್ತು. ಮರುದಿನವೂ ಅದೇ ಪಾಡು. ರಿಪೇರಿ ಬಲ್ಲವರೊಬ್ಬರನ್ನು ಕೇಳಿದರೆ, “ಫಾರ್ಮ್ಯಾಟ್ ಮಾಡಿಬಿಡ್ರಿ, ಎಲ್ಲಾ ಹೊಸದಾಗ್ತದ” ಎಂದರು. ಅಬ್ಬಾ ನನ್ನ ಕಡೆ ನೋಡಿ, “ಹಿಸಾಬ್ ಸಬ್ ಉಸೀಚ್ ಮೇ ಹೈ ಬೇಟಾ” ಅಂದರು. ಲೆಕ್ಕ ಅಳಿಸಿದರೆ ಯಾರಿಂದ ಎಷ್ಟು ಬರಬೇಕೆಂದು ಹೇಳುವವರು ಯಾರು?

ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದರೆ ಖಾತೆ ಪುಸ್ತಕವನ್ನು ಎಸೆಯುವುದಿಲ್ಲ. ವ್ಯತ್ಯಾಸ ಎಷ್ಟೆಂದು ಬರೆದಿಟ್ಟುಕೊಂಡು ತಪ್ಪು ನಮೂದನ್ನು ಹುಡುಕುತ್ತೇವೆ. ಕಂಪ್ಯೂಟರ್ ಕೂಡ ಒಂದು ‘ವ್ಯತ್ಯಾಸ’ ತೋರಿಸಿತ್ತು: ಸೊನ್ನೆ, ಎಕ್ಸ್, ಆಮೇಲೆ 80070070. ಇದರ ಕೊನೆಯ 70 ಹದಿನಾರರ ಆಧಾರದ ಸಂಖ್ಯೆ. ಏಳು ಹದಿನಾರಲೆ 112. ವಿಂಡೋಸ್‌ನ ದೋಷ ಪಟ್ಟಿಯಲ್ಲಿ 112 ಎಂದರೆ ಡಿಸ್ಕ್ ತುಂಬಿದೆ ಎಂದರ್ಥ. ನೋಡಿದರೆ ಸಿ ಡ್ರೈವ್‌ನಲ್ಲಿ ಉಳಿದದ್ದು 3 ಜಿಬಿ ಮಾತ್ರ.

ಮೊದಲು ಲೆಕ್ಕದ ಫೈಲ್‌ಗಳನ್ನು ಪೆನ್ ಡ್ರೈವ್‌ಗೆ ನಕಲು ಮಾಡಿದೆ. ಶಾದಿಯ ವಿಡಿಯೋಗಳನ್ನು ಬೇರೆ ಡ್ರೈವ್‌ಗೆ ಸಾಗಿಸಿದೆ. ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ತಾತ್ಕಾಲಿಕ ಫೈಲ್‌ಗಳನ್ನು ಅಳಿಸಿದೆ. ನಂತರ ವಿಂಡೋಸ್ ಅಪ್‌ಡೇಟ್ ಸರ್ವಿಸ್ ನಿಲ್ಲಿಸಿ, ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಫೋಲ್ಡರ್‌ನೊಳಗಿನ ‘ಡೌನ್‌ಲೋಡ್’ ಖಾಲಿ ಮಾಡಿ, ಸರ್ವಿಸನ್ನು ಮತ್ತೆ ಚಾಲೂ ಮಾಡಿದೆ. ಅರೆಬರೆ ಇಳಿದ ಫೈಲ್‌ಗಳು ಅಲ್ಲಿಯೇ ಕೂತಿರುತ್ತವೆ. ನಮ್ಮಲ್ಲಿ ಯುಪಿಎಸ್ ಇಲ್ಲ. ಬೇಸಿಗೆಯ ಸಂಜೆ ಗುಡುಗಿದರೆ ಕರೆಂಟು ಹೋಗುತ್ತದೆ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಸಿಸ್ಟಮ್ ಫೈಲ್‌ಗಳೇ ಕೆಡಬಹುದು. ಹಾಗಾಗಿ ಫಜರ್ ನಮಾಜ್ ಆದ ಮೇಲೆ ಶುರುಮಾಡಿದೆ. ನಾಷ್ಟಾ ಹೊತ್ತಿಗೆ ಅಪ್‌ಡೇಟ್ ಮುಗಿದಿತ್ತು. ಲೆಕ್ಕ ಒಂದು ರೂಪಾಯಿಯೂ ಆಚೀಚೆ ಆಗಿರಲಿಲ್ಲ.

ಇಷ್ಟು ತೊಂದರೆ ಯಾಕೆ, ಅಪ್‌ಡೇಟ್ ಬಂದ್ ಮಾಡಿದರಾಯಿತು ಎಂದು ಗೆಳತಿಯೊಬ್ಬಳು ಕೇಳಿದಳು. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ ಹಬ್ಬಿ ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರ್‌ಗಳೂ ನಿಂತವು. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವುದು ಅದರ ಕೆಲಸ. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಅದೇ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದೆ ಇದ್ದವರು ಬಹಳ ಜನ. ನಮ್ಮ ಉದ್ರಿ ಪುಸ್ತಕಕ್ಕೆ ಯಾರೋ ಬೀಗ ಹಾಕಿ ಹಣ ಕೇಳಿದರೆ ನಾವು ಎಲ್ಲಿಂದ ತರೋಣ?

ಗೆಳೆಯರೇ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ನಮ್ಮಂಥ ಹಳೆಯ ಕಂಪ್ಯೂಟರ್‌ಗಳಲ್ಲಿ ಅದು ಇರುವುದಿಲ್ಲ. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ನೋಂದಾಯಿಸಬಹುದು, ಇಲ್ಲವೇ ಉಚಿತವಾಗಿ ಸಿಗುವ ಲಿನಕ್ಸ್ ಹಾಕಬಹುದು. ಎರಡರಲ್ಲಿ ಯಾವುದೆಂದು ನಾನೂ ಅಬ್ಬಾ ಇನ್ನೂ ಚರ್ಚಿಸುತ್ತಿದ್ದೇವೆ. ನಿಮ್ಮ ಮನೆಯಲ್ಲೂ ಈ ಮಾತು ಬಂದರೆ ಮೊದಲು ಫೈಲ್‌ಗಳ ನಕಲು ತೆಗೆಯಿರಿ. ಪರದೆಯ ಮೇಲೆ ಸಂಖ್ಯೆ ಬಂದರೆ ಹೆದರದೆ ಕಾಗದದ ಮೇಲೆ ಬರೆದುಕೊಳ್ಳಿ. ಫಾರ್ಮ್ಯಾಟ್ ಎಂಬ ಮಾತು ಎಲ್ಲಕ್ಕಿಂತ ಕೊನೆಗೆ ಬರಲಿ.