ಕಟ್ಟಿಹಾಕಿದ ಬೋಟಿನ ಲೆಕ್ಕ

ಮುಂಬಯಿಯ ಕಚೇರಿಯಲ್ಲಿ ಫೈಲುಗಳ ನಡುವೆ ದಿನ ಕಳೆಯುವ ನಮಗೆ ಸಮುದ್ರದ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಮಲ್ಪೆಯಲ್ಲಿ ತಮ್ಮನ ಬೋಟಿದೆ. ಅದರ ಸಾಲಕ್ಕೆ ಜಾಮೀನು ನಿಂತವರು ನಾವು. ಹಾಗಾಗಿ ಜೂನ್ ಬಂತೆಂದರೆ ನಮಗೆ ಕೊಡೆಗಿಂತ ಮೊದಲು ನೆನಪಾಗುವುದು ಆ ಬೋಟಿನ ಬ್ಯಾಟರಿ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಬಂದರಿನಲ್ಲಿ ಮೈಗೆ ಮೈ ತಾಗಿಸಿ ನಿಂತಿರುತ್ತವೆ. ನೋಡುವವರಿಗೆ ಎಲ್ಲವೂ ನಿದ್ದೆಹೋದಂತೆ. ಆದರೆ ಒಳಗಿನ ಕೆಲವು ಉಪಕರಣಗಳು, ಗುಂಡಿ ಒತ್ತಿ ಆರಿಸಿದರೂ, ಒಂದಿಷ್ಟು ಕರೆಂಟು ಹೀರುತ್ತಲೇ ಇರುತ್ತವೆ. ಅದು ಬರೀ 0.05 ಆಂಪಿಯರ್ ಎಂದಿಟ್ಟುಕೊಳ್ಳಿ. ದಿನಕ್ಕೆ 1.2 ಆಂಪಿಯರ್-ಗಂಟೆ, 61 ದಿನಕ್ಕೆ 73.2. ನೂರು ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೋಯಿತು! ಹೀಗೆ ಬರಿದಾಗಿ ನಿಂತ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟು ಹರಳುಗಟ್ಟುತ್ತದೆ ಎಂಬುದು ನಮ್ಮ ಬಿ.ಎಸ್‌ಸಿ. ಓದಿನಲ್ಲಿ ಇನ್ನೂ ಮರೆಯದೆ ಉಳಿದ ಪಾಠ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಹಳೆಯ ಶಕ್ತಿ ಪೂರ್ತಿ ಮರಳದು. ಆಗಸ್ಟ್ 1ರಂದು ಎಂಜಿನ್ನು ಹೊರಡದಿದ್ದರೆ ಕಂತು ಕಟ್ಟುವುದು ಹೇಗೆ?

ತಂತಿಗಳನ್ನೆಲ್ಲ ಕಳಚಿಡೋಣವೆಂದರೆ ಅದೂ ಆಗದು. "ಅಣ್ಣ, ತಳಕ್ಕೆ ಇಳಿದ ಮಳೆನೀರನ್ನು ಹೊರಹಾಕುವವರು ಯಾರು?" ಎನ್ನುತ್ತಾನೆ ತಮ್ಮ. ನೀರು ಏರಿದಾಗ ತಾನಾಗಿ ಓಡುವ ಪಂಪಿಗೆ ಕರೆಂಟು ಇರಲೇಬೇಕು. ಇಲ್ಲವಾದರೆ ಕಟ್ಟಿದ ಜಾಗದಲ್ಲೇ ಬೋಟು ಮುಳುಗೀತು.

ಆದ್ದರಿಂದ ನಮ್ಮ ಪದ್ಧತಿ ಹೀಗಿದೆ. ಬೋಟು ಕಟ್ಟುವ ಮೊದಲು ಬ್ಯಾಟರಿಗಳಿಗೆಲ್ಲ ಪೂರ್ತಿ ಚಾರ್ಜು. ಎಂಜಿನ್ನಿನ ಬ್ಯಾಟರಿಯಿಂದ ತಂತಿ ಕಳಚುವುದು, ಅದರಲ್ಲೂ ನೆಗೆಟಿವ್ ಮೊದಲು. ಪಂಪಿಗೆ ಪ್ರತ್ಯೇಕ ಬ್ಯಾಟರಿ, ನಡುವೆ ಫ್ಯೂಸು. ವಾರಕ್ಕೊಮ್ಮೆ ತಮ್ಮ ಮೀಟರು ಹಿಡಿದು ಹೋಗಿ, ಪಂಪಿನ ಫ್ಲೋಟನ್ನು ಕೈಯಲ್ಲಿ ಎತ್ತಿ ಅದು ಓಡುವುದೇ ಎಂದು ನೋಡುತ್ತಾನೆ. 12 ವೋಲ್ಟಿನ ಬ್ಯಾಟರಿ 12.6 ತೋರಿಸಿದರೆ ಕ್ಷೇಮ, 12.4ಕ್ಕೆ ಇಳಿದರೆ ಮತ್ತೆ ಚಾರ್ಜು. ಆಗ ಹೈಡ್ರೋಜನ್ ಹೊರಡುವುದರಿಂದ ಗಾಳಿಗೆ ದಾರಿ ಬಿಡಬೇಕು, ಬೀಡಿ ಸೇದುವವರನ್ನು ದೂರ ಇಡಬೇಕು.

ಆ ರಾತ್ರಿ ಫೋನಿನಲ್ಲಿ "12.6, ಅಣ್ಣ" ಎಂಬ ಮಾತು ಕೇಳಿದರೆ ಇಲ್ಲಿ ನಮಗೆ ನಿದ್ದೆ. ಊರಿನಲ್ಲಿ ಬೀಗ ಹಾಕಿದ ಮನೆಯಿಟ್ಟುಕೊಂಡು ಇಲ್ಲಿ ಮಳೆಯ ಸದ್ದು ಕೇಳುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.